ಒಲೆ ಹೊತ್ತಿಸಲು ಒಂದು ಸೂರು

ಸವದತ್ತಿ ತಾಲ್ಲೂಕಿನ ಸಿರಸಂಗಿ ಎಂದರೆ ಮೊದಲು ನೆನಪಾಗುವುದು ತಮ್ಮ ಆಸ್ತಿಯನ್ನೆಲ್ಲ ವಿದ್ಯೆಗಾಗಿ ಬಿಟ್ಟುಕೊಟ್ಟ ಲಿಂಗರಾಜ ದೇಸಾಯಿ, ಆಮೇಲೆ ಕಾಳಿಕಾದೇವಿ. ಯುಗಾದಿಯ ಹೊತ್ತಿಗೆ ದೇವಿಯ ದರ್ಶನಕ್ಕೆ ಪರಸ್ಥಳದ ಜನ ಇಲ್ಲಿಗೆ ಬರುತ್ತಾರೆ. ಬೇಸಿಗೆ ರಜೆ ಶುರುವಾದರೆ ಇದೇ ಸೀಮೆಯ ಜನ ಧಾರವಾಡ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಗೋಕರ್ಣದ ಕಡಲು ನೋಡಲು ಹೊರಡುತ್ತಾರೆ. ಬರುವವರಿಗೂ ಹೋಗುವವರಿಗೂ ಇರುವ ಚಿಂತೆ ಒಂದೇ: ಮಕ್ಕಳು ಮರಿ ಕಟ್ಟಿಕೊಂಡು ಹೋದಾಗ ಇಳಿದುಕೊಳ್ಳುವುದು ಎಲ್ಲಿ, ಅಡುಗೆ ಮಾಡಿಕೊಳ್ಳುವುದು ಎಲ್ಲಿ?

ಈಗ ಇದಕ್ಕೆ ಸಿದ್ಧ ಉತ್ತರವಿದೆ. ಕಡಲತೀರದ ಬಳಿ ಅಡುಗೆಮನೆ ಸಮೇತ ಇಡೀ ಮನೆಯನ್ನೇ ನಾಲ್ಕು ದಿನಕ್ಕೆ ಬಾಡಿಗೆ ಹಿಡಿಯಬಹುದು. ಅದಕ್ಕೆ ವಿಲ್ಲಾ ಎಂದೋ ಹೋಂಸ್ಟೇ ಎಂದೋ ಹೆಸರು. ಹೆಸರು ಹೊರಗಿನದು, ಆದರೆ ಅದರ ಹಿಂದಿರುವ ಅಗತ್ಯ ನಮ್ಮಲ್ಲಿ ಬಹಳ ಹಳೆಯದು.

'ವಿಲ್ಲಾ' ಎಂಬುದು ಲ್ಯಾಟಿನ್ ಮಾತು. ರೋಮನ್ನರಲ್ಲಿ ಅದು ಊರ ಹೊರಗಿನ ತೋಟದ ಮನೆ. ಸಿರಿವಂತರು ಸೆಕೆಗಾಲದಲ್ಲಿ ನೇಪಲ್ಸ್ ಕೊಲ್ಲಿಯ ದಂಡೆಯ ಇಂಥ ಮನೆಗಳಿಗೆ ಹೋಗುತ್ತಿದ್ದರು. ಚಕ್ರವರ್ತಿ ಟೈಬೀರಿಯಸ್ ತನ್ನ ಕೊನೆಯ ಹತ್ತಾರು ವರ್ಷಗಳ ಬಹುಪಾಲನ್ನು ಕಾಪ್ರಿ ದ್ವೀಪದ ವಿಲ್ಲಾದಲ್ಲಿ ಕಳೆದ. ಸಾಮಾನ್ಯರಿಗೆ ಆ ಭಾಗ್ಯ ಇರಲಿಲ್ಲ. ಮೆಡಿಟರೇನಿಯನ್ ದ್ವೀಪಗಳ ಬಾಗಿಲು ಅವರಿಗೆ ತೆರೆದದ್ದು ಎರಡನೇ ಮಹಾಯುದ್ಧದ ನಂತರ. 1950ರಲ್ಲಿ ವ್ಲಾಡಿಮಿರ್ ರೈಟ್ಜ್ ಎಂಬಾತ ಇಂಗ್ಲೆಂಡಿನಿಂದ ಕಾರ್ಸಿಕಾ ದ್ವೀಪಕ್ಕೆ ಬಾಡಿಗೆ ವಿಮಾನದಲ್ಲಿ ಜನರನ್ನು ಕರೆದೊಯ್ದ. ವಿಮಾನ, ಊಟ, ವಸತಿ ಎಲ್ಲ ಸೇರಿ ತಲೆಗೆ 32 ಪೌಂಡು 10 ಶಿಲಿಂಗ್. ವಸತಿ ಎಂದರೆ ಕಡಲತೀರದ ಬಳಿ ಸೈನ್ಯ ಬಿಟ್ಟುಹೋದ ಗುಡಾರಗಳು! ಗುಡಾರದ ಜಾಗಕ್ಕೆ ಹೋಟೆಲು, ಬಾಡಿಗೆ ಮನೆಗಳು ಬಂದದ್ದು ಆಮೇಲಿನ ಮಾತು.

ಗುಡಾರದ ವಾಸ ಸವದತ್ತಿ ಸೀಮೆಗೆ ಹೊಸದಲ್ಲ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಕೊಲ್ಲಾರಿ ಬಂಡಿಯೇ ಮನೆ. ಎತ್ತು ಬಿಚ್ಚಿ, ಬಂಡಿಯ ಪಕ್ಕ ಮೂರು ಕಲ್ಲು ಹೂಡಿದರೆ ಅದೇ ಒಲೆ. ಹೋಳಿಗೆ, ಕಡಬು ಮಾಡಿ, ದೇವಿಗೆ ಎಡೆ ಹಿಡಿದು, ಪಡ್ಡಲಗಿ ತುಂಬಿಸಿದ ಮೇಲೆಯೇ ಊಟ. ಟ್ರ್ಯಾಕ್ಟರ್, ಟೆಂಪೊಗಳು ಬಂದ ಮೇಲೂ ಈ ಪದ್ಧತಿ ಅಳಿದಿಲ್ಲ. ಇಲ್ಲಿ ಸೂರಿಗಿಂತ ಒಲೆ ಮುಖ್ಯ. ಸ್ವಂತ ಕೈಯಡುಗೆ ಇಲ್ಲದೆ ಯಾತ್ರೆ ಪೂರ್ಣವಾಗುವುದಿಲ್ಲ.

ಬಂಡಿ ಇಲ್ಲದ ದಾರಿಹೋಕರಿಗೆ ಸತ್ರಗಳಿದ್ದವು. ಸತ್ರಕ್ಕೆ, ಅರವಟ್ಟಿಗೆಗೆ ಭೂಮಿ ಬಿಟ್ಟುಕೊಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದೆ ವ್ಯಾಪಾರಸ್ಥರು ಊರೂರಿನಲ್ಲಿ ಧರ್ಮಶಾಲೆ ಕಟ್ಟಿಸಿದರು. ದಣಿದು ಬಂದವರಿಗೆ ಜಾಗ ಕೊಡುವುದು ಪುಣ್ಯದ ಕೆಲಸ, ಅದಕ್ಕೆ ಬಾಡಿಗೆ ಕೇಳಬಾರದು ಎಂಬುದು ಅಂದಿನ ಭಾವನೆ. ದಿನಕ್ಕಿಷ್ಟು ಎಂದು ದರ ಗೊತ್ತುಮಾಡುವ ಪದ್ಧತಿಯನ್ನು ಸರಕಾರಿ ಮಟ್ಟದಲ್ಲಿ ರೂಢಿಗೆ ತಂದದ್ದು ಬ್ರಿಟಿಷರ ಡಾಕ್ ಬಂಗಲೆಗಳು. ಅಲ್ಲಿ ಖಾನ್ಸಾಮನೇ ಅಡುಗೆಯವ, ಸಾಹೇಬರಿಗೇ ಮೊದಲ ಪಾಳಿ. ಇಂದಿನ ಪ್ರವಾಸಿ ಮಂದಿರಗಳು ಆ ವಂಶದವೇ.

ಗೋಕರ್ಣದ್ದು ಇವೆರಡರ ನಡುವಿನ ರೀತಿ. ರಥಬೀದಿಯಲ್ಲಿ, ಕೋಟಿತೀರ್ಥದ ಸುತ್ತ ಇರುವ ಪುರೋಹಿತರ ಮನೆಗಳೇ ಯಾತ್ರಿಕರ ಬಿಡಾರ. ಅಜ್ಜ ಇಳಿದ ಮನೆಯಲ್ಲೇ ಮೊಮ್ಮಗನೂ ಇಳಿಯುತ್ತಿದ್ದ. ಪೂಜೆ, ಪಿಂಡಪ್ರದಾನ, ಊಟ, ಚಾಪೆ ಎಲ್ಲ ಒಂದೇ ದಕ್ಷಿಣೆಯಲ್ಲಿ ಮುಗಿಯುತ್ತಿತ್ತು. ಅದು ಬಾಡಿಗೆಯೂ ಹೌದು, ಸಂಬಂಧವೂ ಹೌದು.

ಆದರೆ ಈ ಸೂರುಗಳು ಎಲ್ಲರಿಗೂ ಸಿಗುತ್ತಿದ್ದವೆ? ಇಲ್ಲ. ಎಷ್ಟೋ ಸತ್ರ, ಧರ್ಮಶಾಲೆಗಳು ಕಟ್ಟಿಸಿದವರ ಜಾತಿಗಷ್ಟೇ ಮೀಸಲಾಗಿದ್ದವು. ಉಳಿದವರ ಒಲೆ ಹಿತ್ತಲಲ್ಲಿ ಇಲ್ಲವೆ ಮರದಡಿ. ಅಸ್ಪೃಶ್ಯರೆನಿಸಿಕೊಂಡವರಿಗೆ ಅಂಗಳಕ್ಕೂ ಪ್ರವೇಶವಿರಲಿಲ್ಲ. ದುಡ್ಡು ಕೊಟ್ಟರೂ ಸೂರು ಸಿಗದ ಕಥೆಯನ್ನು ಡಾ. ಬಿ.ಆರ್. ಅಂಬೇಡ್ಕರ್ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಹೇಳಿಕೊಂಡಿದ್ದಾರೆ. 1917ರಲ್ಲಿ ಅವರು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಇಳಿದುಕೊಳ್ಳಲು ಸಿಕ್ಕಿದ್ದು ಪಾರ್ಸಿಗಳ ಒಂದು ವಸತಿಗೃಹ. ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆ. ಅದೂ ಪಾರ್ಸಿ ಹೆಸರಿನಲ್ಲಿ ದಾಖಲಾದರೆ ಮಾತ್ರ. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡುವಂತೆ ತಾಕೀತು ಮಾಡಿತು. ಪರಿಚಯದವರೂ ಮನೆಗೆ ಸೇರಿಸಿಕೊಳ್ಳಲಿಲ್ಲ. ವಿದೇಶದಲ್ಲಿ ಓದಿ ಬಂದ ವಿದ್ವಾಂಸ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು, ಮುಂಬಯಿಯ ರಾತ್ರಿ ರೈಲು ಹತ್ತಬೇಕಾಯಿತು.

ಈ ಅನುಭವದ ಹಿನ್ನೆಲೆಯಲ್ಲಿ ನೋಡಿದರೆ ಸ್ವತಂತ್ರ ಭಾರತದ ಕಾನೂನಿನ ಶಬ್ದಗಳಿಗೆ ಬೇರೆಯೇ ತೂಕ ಬರುತ್ತದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಜಾತಿ, ಧರ್ಮದ ಭೇದ ಕೂಡದೆಂದಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳನ್ನು ಹೆಸರಿಸಿದ್ದಲ್ಲದೆ, ಅಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳ ಬಳಕೆಗೂ ಅಡ್ಡಿ ಮಾಡಬಾರದೆಂದು ಹೇಳಿತು. ಸೂರಿನ ಜೊತೆಗೆ ಪಾತ್ರೆಯನ್ನೂ ಕಾನೂನು ನೆನಪಿಟ್ಟಿತು. 1976ರ ತಿದ್ದುಪಡಿಯಿಂದ ಅದೇ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಾಯಿತು. ಅದರಲ್ಲಿ 'ಹೋಟೆಲ್' ಎಂಬ ಶಬ್ದಕ್ಕೆ ಊಟ, ವಸತಿ ಕೊಡುವ ಮನೆಗಳೂ ಸೇರುತ್ತವೆ.

ಇತ್ತ ಗೋಕರ್ಣವೂ ಬದಲಾಯಿತು. ಕುಡ್ಲೆ, ಓಂ ತೀರಗಳಿಗೆ ವಿದೇಶಿಯರು ಬರತೊಡಗಿದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ ದೇಶದ ಪ್ರವಾಸಿಗರೂ ಹೆಚ್ಚಿದರು. ಯಾತ್ರೆಗೆ ಬರುತ್ತಿದ್ದವರ ಜೊತೆಗೆ ರಜೆ ಕಳೆಯಲು ಬರುವವರು ಸೇರಿಕೊಂಡರು, ಮನೆಯ ಕೋಣೆಗಳಿಗೆ ದರಪಟ್ಟಿ ಬಂತು. ಅಲೆಯ ಅಂಚಿಗೇ ಕಟ್ಟಡ ಏಳದಂತೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಿಂದ ತಡೆ ಒಡ್ಡಿವೆ. 2019ರ ಅಧಿಸೂಚನೆ ಕಡಲತಡಿಯ ಸ್ಥಳೀಯರ ಹೋಂಸ್ಟೇಗಳಿಗೆ ಅವಕಾಶ ಕೊಟ್ಟಿದೆ. ಬಾಡಿಗೆಯ ಲಾಭ ಮೀನುಗಾರರ, ರೈತರ ಮನೆಗೆ ಹೋಗುವುದಾದರೆ ಅದು ಒಳ್ಳೆಯದೇ.

ಅಪಾಯವೂ ಇದೆ. ಮಜೋರ್ಕಾ ದ್ವೀಪದ ಪಾಲ್ಮಾ ನಗರದಲ್ಲಿ ಪ್ರವಾಸಿಗರ ಬಾಡಿಗೆ ಏರಿದಂತೆ ಊರಿನವರಿಗೇ ಮನೆ ದುಬಾರಿಯಾಯಿತು. 2018ರಲ್ಲಿ ಅಲ್ಲಿನ ನಗರಾಡಳಿತ ಫ್ಲ್ಯಾಟುಗಳನ್ನು ಪ್ರವಾಸಿಗರಿಗೆ ಬಾಡಿಗೆ ಕೊಡುವುದನ್ನೇ ನಿಷೇಧಿಸುವ ತೀರ್ಮಾನ ಮಾಡಿತು. ಅತಿಥಿಗೆ ಸೂರು ಕೊಡುತ್ತ ಮನೆಮಂದಿಯೇ ಹೊರಗಾಗುವುದು ಯಾವ ಊರಿಗೂ ಬೇಡವಾದ ಸಂಗತಿ.

ಇನ್ನೊಂದು ಪ್ರಶ್ನೆ ಒಲೆಯದು. ಮನೆ ಕೇಳಲು ಹೋದಾಗ ಹೆಸರಿನ ಬೆನ್ನಿಗೇ ಅಡ್ಡಹೆಸರು, ಅದರ ಬೆನ್ನಿಗೆ ಅಡುಗೆಯಲ್ಲಿ ಏನೇನು ಮಾಡುತ್ತೀರಿ ಎಂಬ ವಿಚಾರಣೆ ಬಂದರೆ, ಬರೋಡಾದ ಆ ವಸತಿಗೃಹ ಇನ್ನೂ ದೂರವಾಗಿಲ್ಲ ಎಂದೇ ಅರ್ಥ. ಯಲ್ಲಮ್ಮನ ಗುಡ್ಡದ ಬಯಲಿನಲ್ಲಿ ಮೂರು ಕಲ್ಲು ಹೂಡಲು ಹಣ ಬೇಡ, ತಲೆಯ ಮೇಲೆ ಸೂರೂ ಇಲ್ಲ. ಕಡಲತೀರದ ಮನೆಯಲ್ಲಿ ಸೂರೂ ಇದೆ, ಒಲೆಯೂ ಇದೆ, ಅದಕ್ಕೆ ಬಾಡಿಗೆಯೂ ಇದೆ. ಬಾಡಿಗೆ ಕೊಟ್ಟವರಿಗೆಲ್ಲ ಅದರ ಬಾಗಿಲು ಒಂದೇ ರೀತಿ ತೆರೆದರೆ ಮಾತ್ರ ಸತ್ರದ ಕಾಲದಿಂದ ನಾವು ಮುಂದೆ ಬಂದಂತೆ.