ಮುಟ್ಟು ನಿಲ್ಲುವ ವಯಸ್ಸು: ಹಾರ್ಮೋನ್ ಗುಳಿಗೆ ಬೇಕೋ, ಅಗಸಿ ಹಿಂಡಿ ಸಾಕೋ?

ಹಿಪ್ಪರಗಿ: ಮಗ್ಗದ ಮುಂದೆ ನಿಂತಾಗ, ಕಬ್ಬಿನ ಹೊಲದಾಗ ಕಸ ತೆಗೆಯುವಾಗ ಒಮ್ಮೆಲೆ ಮುಖ, ಎದೆ ಬಿಸಿ ಏರಿ ಬೆವರು ಇಳಿಯೋದು, ರಾತ್ರಿ ನಿದ್ದಿ ಹತ್ತದೇ ಇರೋದು. 45 ದಾಟಿದ ಬಹಳ ಹೆಣ್ಣುಮಕ್ಕಳು ಇದನ್ನ ಯಾರ ಮುಂದೂ ಹೇಳೋದಿಲ್ಲ. ಇದು ರೋಗ ಅಲ್ಲ. ಹಂಗಂತ ತ್ರಾಸು ಸಹಿಸ್ಕೊಂಡೇ ಇರಬೇಕು ಅಂತಾನೂ ಇಲ್ಲ.

ಋತುಬಂಧ ಅಂದ್ರೇನು?
ಸತತ 12 ತಿಂಗಳು ಮುಟ್ಟು ಬರದಿದ್ದರೆ ಋತುಬಂಧ ಆಯ್ತು ಅಂತ ಲೆಕ್ಕ. ಸಾಮಾನ್ಯವಾಗಿ 45ರಿಂದ 55ರ ಒಳಗೆ ಆಗುತ್ತೆ. ಈಸ್ಟ್ರೋಜನ್ ಕಡಿಮೆ ಆಗೋದರಿಂದ ಎಲುಬು ಸಡಿಲಾಗ್ತವೆ.

ಹಾರ್ಮೋನ್ ಚಿಕಿತ್ಸೆ
ಮೈ ಬಿಸಿ ಏರೋದಕ್ಕೆ ಇದರಷ್ಟು ಪರಿಣಾಮದ ಔಷಧ ಬೇರೆ ಇಲ್ಲ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಭಯ ಹುಟ್ಟಿಸಿತು. ಎರಡು ಹಾರ್ಮೋನ್ ಕೂಡಿದ ಗುಳಿಗೆ ತಗೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 8 ಪ್ರಕರಣ ಹೆಚ್ಚು ಕಂಡಿದ್ದವು. 60ರೊಳಗಿನ, ಅಥವಾ ಮುಟ್ಟು ನಿಂತು 10 ವರ್ಷ ಆಗದ ಆರೋಗ್ಯವಂತರಿಗೆ ಲಾಭವೇ ಹೆಚ್ಚು ಅನ್ನೋದು ಈಗಿನ ವೈದ್ಯರ ಅಭಿಪ್ರಾಯ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬೇಕೇ ಬೇಕು.

ಯಾರು ತಗೋಬಾರದು?
ಸ್ತನ ಕ್ಯಾನ್ಸರ್, ಹೃದಯಾಘಾತ, ಲಕ್ವ ಆದವರು, ಕಾಲಿನ ನರದಾಗ ರಕ್ತ ಹೆಪ್ಪುಗಟ್ಟಿದವರು, ಲಿವರ್ ಕಾಯಿಲೆ ಇದ್ದವರು.

ಮನೆಮದ್ದು
ಅಗಸಿ ಹಿಂಡಿ ಊಟಕ್ಕೆ ಒಳ್ಳೇದು, ಆದ್ರೆ ಬಿಸಿ ಏರೋದನ್ನ ನಿಲ್ಲಿಸುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಸೋಯಾದಿಂದ ಕೆಲವರಿಗೆ ಸ್ವಲ್ಪ ಆರಾಮ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ದಿನಾ ನಡಿಗೆ ಎಲುಬಿಗೆ ಬಲ. ಚಹಾ, ಖಾರ ಕಡಿಮೆ ಮಾಡಿ ನೋಡ್ರಿ. ಆಯುರ್ವೇದದ ಪುಡಿ ತಗೊಳ್ತಿದ್ದರೆ ಡಾಕ್ಟರ್‌ಗೆ ಹೇಳ್ರಿ. ಹಾರ್ಮೋನ್ ಆಗದವರಿಗೆ ಬೇರೆ ಗುಳಿಗೆಗಳೂ ಇವೆ.

ಗರ್ಭಕೋಶ ತೆಗೆಸೋದು ಪರಿಹಾರ ಅಲ್ಲ
ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳು ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದು 2019ರಲ್ಲಿ ದೊಡ್ಡ ಸುದ್ದಿ ಆಗಿತ್ತು. ಅಂಡಾಶಯವನ್ನೂ ತೆಗೆದರೆ ಋತುಬಂಧ ಒಮ್ಮೆಲೇ ಬರುತ್ತೆ, ತ್ರಾಸೂ ಜಾಸ್ತಿ. ಆಪರೇಷನ್ ಅಂದ ಕೂಡಲೇ ಒಪ್ಪಬ್ಯಾಡ್ರಿ, ಇನ್ನೊಬ್ಬ ಡಾಕ್ಟರ್‌ನ ಕೇಳ್ರಿ.

ತಡ ಮಾಡಬ್ಯಾಡ್ರಿ
ಮುಟ್ಟು ನಿಂತು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರ ಹತ್ತಿರ ಹೋಗ್ರಿ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗಬೇಕು. ಹಾರ್ಮೋನ್ ಗುಳಿಗೆಯನ್ನ ಚೀಟಿ ಇಲ್ಲದೆ ಔಷಧ ಅಂಗಡಿಯಲ್ಲಿ ಕೇಳಬ್ಯಾಡ್ರಿ. ಶುರು ಮಾಡೋ ಮೊದಲು ಬಿಪಿ, ಶುಗರ್, ಸ್ತನ ಪರೀಕ್ಷೆ ಆಗಲಿ. ಮೊದಲ ಮಾತಿಗೆ ಊರಿನ ಆಶಾ ಕಾರ್ಯಕರ್ತೆಯನ್ನ ಕೇಳಿದರೂ ಆಯ್ತು.