ಚರ್ಚ್ ಯುವಜನರ ರಿಟ್ರೀಟ್: ದಿನಾಂಕ ಗೊತ್ತು ಮಾಡುವುದರಿಂದ ಮಕ್ಕಳು ಮನೆ ಮುಟ್ಟುವವರೆಗೆ

ಕರಾವಳಿಯ ಕೊಂಕಣಿ ಮನೆಗಳ ಹಿರಿಯರು ಇದನ್ನು ‘ರೆತಿರ್’ ಅನ್ನುತ್ತಾರೆ. ಈಗಿನ ಮಕ್ಕಳಿಗೆ ಇದು ರಿಟ್ರೀಟ್. ಕೆಲವು ಸಭೆಗಳಲ್ಲಿ ಧ್ಯಾನಕೂಟ, ಯುವ ಶಿಬಿರ ಅಂತಲೂ ಕರೆಯುವುದುಂಟು. ಹೆಸರು ಯಾವುದಾದರೂ ವಿಷಯ ಒಂದೇ: ಒಂದೆರಡು ದಿನ ಮನೆ, ಕಾಲೇಜು, ಅಂಗಡಿ, ಮೊಬೈಲು ಎಲ್ಲವನ್ನೂ ಬದಿಗಿಟ್ಟು ಪ್ರಾರ್ಥನೆ, ಮೌನ ಮತ್ತು ಮಾತುಕತೆಗೆ ಸಮಯ ಕೊಡುವುದು.

ಈ ಪದ್ಧತಿಗೆ ಹಳೆಯ ಬೇರಿದೆ. ಇಗ್ನೇಷಿಯಸ್ ಲೊಯೋಲಾ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕ 1548ರಲ್ಲಿ ಅಚ್ಚಾಯಿತು. ಅದರಲ್ಲಿ ಹೇಳಿದ ಪೂರ್ಣ ಕ್ರಮ ಸುಮಾರು 30 ದಿನಗಳದ್ದು. ಅವರು ಕಟ್ಟಿದ ಜೆಸ್ವಿಟ್ ಸಂಸ್ಥೆಯ ಗುರುಗಳು 1878ರ ಕೊನೆಗೆ ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಇಂದು ಯುವಜನರಿಗೆ ಸಿಗುವುದು ಆ 30 ದಿನದ ಕ್ರಮದ ಒಂದು ತುಣುಕು ಮಾತ್ರ: ಒಂದು ದಿನ, ಹೆಚ್ಚೆಂದರೆ ಶನಿವಾರ–ಭಾನುವಾರ.

ಕಥೋಲಿಕ ಚರ್ಚುಗಳಲ್ಲಿ ಯುವಜನರ ಸಂಘಟನೆ ಐಸಿವೈಎಂ, ಹೈಸ್ಕೂಲ್ ಮಕ್ಕಳಿಗೆ ವೈಸಿಎಸ್. ಸಿಎಸ್‌ಐ ಸಭೆಗಳಲ್ಲಿ ಯೂತ್ ಫೆಲೋಶಿಪ್ ಇದೆ. ಎಲ್ಲ ಕಡೆಯೂ ಈಗ ಒಂದೇ ಚಿಂತೆ. ಪಿಯುಸಿ ಮುಗಿದ ಕೂಡಲೇ ಅರ್ಧ ಮಂದಿ ಬೆಂಗಳೂರು ಅಥವಾ ಗಲ್ಫ್ ದಾರಿ ಹಿಡಿಯುತ್ತಾರೆ. ಉಳಿದವರ ಪೈಕಿ ಎಷ್ಟೋ ಮಂದಿ ಜವಳಿ ಅಂಗಡಿ, ಸೂಪರ್ ಮಾರ್ಕೆಟ್, ಮೊಬೈಲ್ ಅಂಗಡಿಗಳಲ್ಲಿ ಕೆಲಸಕ್ಕೆ ಇರುವವರು. ರಿಟ್ರೀಟ್ ಸರಿಯಾಗಿ ನಡೆದರೆ ಇವರ ನಡುವೆ ಗುರುತು, ಸ್ನೇಹ ಉಳಿಯುತ್ತದೆ. ಒಂದು ಸಲ ಎಡವಟ್ಟಾದರೆ ಮುಂದಿನ ವರ್ಷ ತಾಯಂದಿರು ಮಕ್ಕಳನ್ನು ಕಳುಹಿಸುವುದಿಲ್ಲ. ಅಷ್ಟು ಸರಳ.

ದಿನಾಂಕವೇ ಅರ್ಧ ಕೆಲಸ

ನಮ್ಮ ಕಡೆ ರಿಟ್ರೀಟಿಗೆ ದಿನ ಹುಡುಕುವುದು ಮದುವೆಗೆ ಹಾಲ್ ಹುಡುಕಿದ ಹಾಗೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಗಳ ಕಾರಣ ಮಾರ್ಚ್–ಏಪ್ರಿಲ್‌ನಲ್ಲಿ ಮಕ್ಕಳು ಸಿಗುವುದಿಲ್ಲ. ತಪಸ್ಸು ಕಾಲದಲ್ಲಿ ಧ್ಯಾನಕ್ಕೆ ಮನಸ್ಸು ಹದವಾಗಿರುತ್ತದೆ ನಿಜ, ಆದರೆ ಪರೀಕ್ಷೆಯೂ ಅದೇ ಹೊತ್ತಿಗೆ ಬರ್ತದೆ. ಈಸ್ಟರ್ ದಿನಾಂಕ ವರ್ಷ ವರ್ಷ ಬದಲಾಗುವುದರಿಂದ (2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28) ಕಳೆದ ವರ್ಷದ ಕ್ಯಾಲೆಂಡರ್ ನೋಡಿ ಈ ವರ್ಷದ ದಿನ ಹಾಕುವಂತಿಲ್ಲ.

ಈಸ್ಟರ್ ಮುಗಿದ ಮೇಲೆ ಮದುವೆ ಸೀಸನ್. ತಪಸ್ಸು ಕಾಲದಲ್ಲಿ ತಡೆದಿಟ್ಟ ರೋಸ್, ಮದುವೆಗಳೆಲ್ಲ ಏಪ್ರಿಲ್ ಕೊನೆ ಮತ್ತು ಮೇಯಲ್ಲಿ ಬಂದು ಬೀಳುತ್ತವೆ. ಆಗ ಕ್ಯಾಟರಿಂಗ್‌ನವರೂ ಸಿಗುವುದಿಲ್ಲ, ಬಸ್ಸೂ ಸಿಗುವುದಿಲ್ಲ, ಎಷ್ಟೋ ಊರುಗಳಲ್ಲಿ ಬಾವಿಯ ನೀರೂ ತಳ ಕಂಡಿರುತ್ತದೆ. ಜೂನ್–ಜುಲೈಯಲ್ಲಿ ಮಳೆ. ಆಗಸ್ಟ್ 30ರಿಂದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ವರೆಗೆ ನೊವೆನಾ. ಡಿಸೆಂಬರ್ ಕ್ಯಾರಲ್ಸ್‌ಗೆ ಹೋಗ್ತದೆ, ಜನವರಿ ಕೊನೆಗೆ ಕಾರ್ಕಳದ ಅತ್ತೂರು ಜಾತ್ರೆ. ಲೆಕ್ಕ ಹಾಕಿದರೆ ದಸರಾ ರಜೆಯ ಆಸುಪಾಸು ಮತ್ತು ನವೆಂಬರ್ ಮೊದಲ ಎರಡು ವಾರ ಎಲ್ಲಕ್ಕಿಂತ ಅನುಕೂಲ. ಮುಲ್ಕಿಯ ಡಿವೈನ್ ಕಾಲ್ ಸೆಂಟರ್‌ನಂಥ ಧ್ಯಾನಕೇಂದ್ರ ಬೇಕೆಂದಿದ್ದರೆ ತಿಂಗಳುಗಳ ಮುಂಚೆಯೇ ವಿಚಾರಿಸಬೇಕು. ಒಂದೇ ದಿನದ ಕಾರ್ಯಕ್ರಮಕ್ಕೆ ಪಕ್ಕದ ಚರ್ಚಿನ ಹಾಲ್ ಅಥವಾ ಕಾನ್ವೆಂಟ್ ಶಾಲೆ ಸಾಕು. ತಮ್ಮದೇ ಚರ್ಚಿನಲ್ಲಿ ಇಟ್ಟುಕೊಂಡರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದ ಅರ್ಧ ಜನ ವಾಪಸ್ ಬರುವುದಿಲ್ಲ.

ಅಂಗಡಿ ಮಾಲಕರಿಗೆ ಒಂದು ಮಾತು ಇಲ್ಲೇ ಹೇಳಬೇಕು. ಕೆಲಸದ ಹುಡುಗ ಹಿಂದಿನ ದಿನ ರಾತ್ರಿ ರಜೆ ಕೇಳಿದರೆ ಯಾವ ಧಣಿಯೂ ಕೊಡುವುದಿಲ್ಲ. ತಿಂಗಳ ಮೊದಲೇ ಚರ್ಚಿನ ಲೆಟರ್‌ಹೆಡ್‌ನಲ್ಲಿ, ಫಾದರ್ ಸಹಿ ಇರುವ ಒಂದು ಪತ್ರ ಅಂಗಡಿಗೆ ತಲುಪಿದರೆ ಹೆಚ್ಚಿನವರು ಹೊಂದಿಸಿಕೊಳ್ಳುತ್ತಾರೆ. ಕಾಲೇಜು ಮಕ್ಕಳಿಗಿಂತ ದುಡಿಯುವ ಮಕ್ಕಳಿಗೇ ಇಂಥ ಒಂದು ದಿನ ಹೆಚ್ಚು ಬೇಕಾಗಿರುತ್ತದೆ, ಅವರೇ ಪ್ರತಿ ಸಲ ತಪ್ಪಿಹೋಗುವುದು.

ಮಾತು ಮುಟ್ಟಿಸುವ ಬಗೆ

ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಮುಗಿಯಿತು ಅಂತ ತುಂಬ ಪದಾಧಿಕಾರಿಗಳ ಲೆಕ್ಕ. ಗುಡ್ ಮಾರ್ನಿಂಗ್, ಕ್ರಿಕೆಟ್ ಸ್ಕೋರ್, ಹುಟ್ಟುಹಬ್ಬದ ಕೇಕಿನ ನಡುವೆ ಬಸ್ ಹೊರಡುವ ಸಮಯ ಕಾಣೆಯಾಗುತ್ತದೆ. ಉಪಾಯ ಕಷ್ಟದ್ದಲ್ಲ: ಅಡ್ಮಿನ್‌ಗಳು ಮಾತ್ರ ಬರೆಯಬಲ್ಲ ಒಂದು ಗುಂಪು ಪ್ರಕಟಣೆಗೆ, ಹರಟೆಗೆ ಇನ್ನೊಂದು. 18 ವರ್ಷದೊಳಗಿನವರು ಬರುವುದಾದರೆ ಪ್ರಕಟಣೆಯ ಗುಂಪಿನಲ್ಲಿ ಅವರ ಅಪ್ಪ ಅಥವಾ ಅಮ್ಮ ಇರಲೇಬೇಕು.

ದಿನ ಬದಲಾದಾಗ ಗೊಂದಲ ಹೆಚ್ಚು. ಹಳೆಯ ಪೋಸ್ಟರ್ ಇನ್ನೂ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಅದಕ್ಕೆ ಪ್ರತಿ ಪ್ರಕಟಣೆಗೂ ಒಂದು ನಂಬರ್ ಮತ್ತು ದಿನಾಂಕ ಹಾಕುವ ಅಭ್ಯಾಸ ಒಳ್ಳೆಯದು. ‘ಪ್ರಕಟಣೆ 3, ಅಕ್ಟೋಬರ್ 4: ಇದು ಪ್ರಕಟಣೆ 2ರ ಬದಲಿಗೆ’ ಎಂದು ಮೇಲೆಯೇ ಇದ್ದರೆ ಯಾವುದು ಸರಿ ಅಂತ ಕೇಳುವ ಫೋನು ನಿಲ್ಲುತ್ತದೆ.

ವಾಟ್ಸ್ಆ್ಯಪ್ ಇಲ್ಲದ ಅಥವಾ ನೋಡದ ಮನೆಗಳು ಈಗಲೂ ಇವೆ. ಭಾನುವಾರದ ಪೂಜೆಯ ಕೊನೆಗೆ ಮೂರು ವಾರ ಸತತ ಪ್ರಕಟಣೆ, ಚರ್ಚಿನ ಬಾಗಿಲ ಬಳಿಯ ಬೋರ್ಡ್, ಮತ್ತು ವಾರ್ಡಿನ ಗುರ್ಕಾರರ ಮೂಲಕ ಬಾಯಿಮಾತು, ಮೂರೂ ಬೇಕು. ಗುರ್ಕಾರರಿಗೆ ಯಾವ ಮನೆಯಲ್ಲಿ ಯಾರು ಇದ್ದಾರೆ, ಯಾರು ಒಂದು ವರ್ಷದಿಂದ ಚರ್ಚಿನ ಕಡೆ ಮುಖ ಹಾಕಿಲ್ಲ ಎಂಬುದು ಗೊತ್ತಿರುತ್ತದೆ. ಅಂಥವನಿಗೆ ಗುಂಪಿನಲ್ಲಿ ಹಾಕಿದ ಮೆಸೇಜ್ ಮುಟ್ಟುವುದಿಲ್ಲ, ಗೆಳೆಯ ಮನೆಗೆ ಹೋಗಿ ‘ಬಾ ಮಾರಾಯ’ ಅಂದರೆ ಬಂದಾನು.

ಭಾಷೆಯ ವಿಷಯವೂ ಇದೆ. ಇಲ್ಲಿ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಮೀಡಿಯಂ ಮಕ್ಕಳಲ್ಲಿ ಹಲವರಿಗೆ ಅದನ್ನು ಸಲೀಸಾಗಿ ಓದಲು ಬರುವುದಿಲ್ಲ, ಮನೆಯ ಹಿರಿಯರಿಗೆ ಇಂಗ್ಲಿಷ್ ಪೋಸ್ಟರ್ ಅರ್ಥವಾಗುವುದಿಲ್ಲ. ಒಂದು ನಿಮಿಷದ ವಾಯ್ಸ್ ಮೆಸೇಜ್ ಎರಡೂ ಕಡೆಗೆ ಸಾಕಾಗುತ್ತದೆ.

ಒಪ್ಪಿಗೆ ಪತ್ರ, ಎರಡು ಹಿರಿಯರ ನಿಯಮ

ಹೈಸ್ಕೂಲ್, ಪಿಯುಸಿ ಮಕ್ಕಳಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಹೋಗುವ ಜಾಗ, ಹೊರಡುವ ಮತ್ತು ಹಿಂದಿರುಗುವ ಸಮಯ, ಜವಾಬ್ದಾರರ ಎರಡು ಫೋನ್ ನಂಬರ್ ಪತ್ರದಲ್ಲಿರಲಿ. ಪೋಷಕರು ತುಂಬಬೇಕಾದ ಜಾಗದಲ್ಲಿ ಆಸ್ತಮಾ, ಫಿಟ್ಸ್, ಸಿಗಡಿ–ಏಡಿ ಅಲರ್ಜಿ, ತೆಗೆದುಕೊಳ್ಳುವ ಮಾತ್ರೆಗಳ ವಿವರ ಕೇಳಬೇಕು. ಬೇರೆ ಧರ್ಮದ ಗೆಳೆಯರು ಜೊತೆಗೆ ಬರುತ್ತೇವೆ ಎಂದರೆ ಆಟೋಟ, ಶ್ರಮದಾನದ ದಿನಕ್ಕೆ ಅವರ ಮನೆಯವರಿಗೆ ತಿಳಿಸಿ ಕರೆಯಬಹುದು. ಧ್ಯಾನದ ರಿಟ್ರೀಟನ್ನು ಚರ್ಚಿನ ಸದಸ್ಯರಿಗೇ ಸೀಮಿತ ಮಾಡುವುದು ಈ ಜಿಲ್ಲೆಯ ಮಟ್ಟಿಗೆ ಎಲ್ಲರಿಗೂ ನೆಮ್ಮದಿ.

ಯಾವ ಹಿರಿಯರೂ ಒಬ್ಬ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಆಪ್ತ ಸಮಾಲೋಚನೆ ಇದ್ದರೂ ಎಲ್ಲರ ಕಣ್ಣಿಗೆ ಬೀಳುವ ಜಗಲಿಯಲ್ಲೋ ಬಾಗಿಲು ತೆರೆದ ಕೋಣೆಯಲ್ಲೋ ನಡೆಯಲಿ. ಹುಡುಗಿಯರು ಉಳಿದುಕೊಳ್ಳುವಲ್ಲಿ ಇಬ್ಬರು ಮಹಿಳೆಯರು ರಾತ್ರಿ ಇರಬೇಕು. ರಾತ್ರಿ ಹೊತ್ತಿನಲ್ಲಿ ಮಕ್ಕಳಿಗೆ ಖಾಸಗಿ ಮೆಸೇಜ್ ಕಳುಹಿಸುವ ಅಭ್ಯಾಸ ಯಾವ ಮುಖಂಡನಿಗೂ ಬೇಡ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದೆ ಇರುವುದೇ ಅಪರಾಧ. ‘ಚರ್ಚಿನ ಒಳಗೇ ಸರಿ ಮಾಡುವ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಆಂಬುಲೆನ್ಸ್‌ಗೆ 108.

ನೀರಿನ ವಿಷಯದಲ್ಲಿ ಕಟ್ಟುನಿಟ್ಟು ಇನ್ನೂ ಹೆಚ್ಚಿರಲಿ. ಕರಾವಳಿಯ ಜಾಗಗಳಲ್ಲಿ ಪಕ್ಕದಲ್ಲೇ ಸಮುದ್ರ, ಹೊಳೆ ಅಥವಾ ಕೆರೆ ಇರುತ್ತದೆ. ವೇಳಾಪಟ್ಟಿಯಲ್ಲಿ ಇಲ್ಲದಿದ್ದರೆ ನೀರಿಗೆ ಇಳಿಯುವುದೇ ಇಲ್ಲ ಎಂದು ಮೊದಲ ಅರ್ಧ ಗಂಟೆಯಲ್ಲೇ ಹೇಳಬೇಕು. ತನಗೆ ಈಜು ಬರ್ತದೆ ಅನ್ನುವವನನ್ನೇ ಮೊದಲು ತಡೆಯಬೇಕಾಗುತ್ತದೆ. ಹೊಳೆಯ ಸುಳಿ, ಕಡಲಿನ ಸೆಳೆತ ಶಾಲೆಯ ಈಜುಕೊಳದ ಹಾಗಲ್ಲ. ಊಟಕ್ಕೆ ಮೊದಲು, ಬಸ್ ಹತ್ತುವಾಗ, ಮಲಗುವ ಮುಂಚೆ ತಲೆ ಎಣಿಕೆ ಆಗಲಿ.

ದುಡ್ಡು, ಊಟ, ಬಸ್

50 ಮಂದಿಯ ಎರಡು ದಿನದ ರಿಟ್ರೀಟಿಗೆ ಒಂದು ಉದಾಹರಣೆ ಲೆಕ್ಕ ಹೀಗೆ ಹಾಕಬಹುದು: ಊಟೋಪಚಾರ ತಲೆಗೆ 350ರಂತೆ 17,500 ರೂಪಾಯಿ, ಜಾಗ ಮತ್ತು ವಸತಿ 10,000, ಬಸ್ 9,000, ಪ್ರವಚನಕಾರರ ಗೌರವಧನ–ಪ್ರಯಾಣ 2,500, ಮುದ್ರಣ, ಔಷಧಿ, ಇತರೆ 3,000. ಒಟ್ಟು 42,000, ಅಂದರೆ ತಲೆಗೆ 840. ತಲಾ 500 ಸಂಗ್ರಹಿಸಿದರೆ 17,000 ಕಡಿಮೆ ಬೀಳುತ್ತದೆ. ಅದನ್ನು ಪಾಲನಾ ಮಂಡಳಿ, ದಾನಿಗಳು ತುಂಬಬೇಕು. ದರಗಳು ಊರಿಂದ ಊರಿಗೆ ಬೇರೆ, ಆದರೆ ಈ ಕೊರತೆ ಎಷ್ಟು ಎಂಬುದು ಮೊದಲೇ ಗೊತ್ತಿದ್ದರೆ ಕೊನೆಯ ದಿನ ಖಜಾಂಚಿ ಕೈಯಿಂದ ಹಾಕಬೇಕಾಗುವುದಿಲ್ಲ. ಹಣ ಯಾರದೋ ಖಾಸಗಿ ಗೂಗಲ್ ಪೇಗೆ ಹೋಗದೆ ಚರ್ಚಿನ ಖಾತೆಯ ಕ್ಯುಆರ್ ಕೋಡಿಗೇ ಹೋಗಲಿ. ಕೊಡಲಾಗದ ಮಕ್ಕಳ ವಿಷಯ ಫಾದರ್ ಅಥವಾ ಪಾಸ್ಟರ್ ಮತ್ತು ಖಜಾಂಚಿ ಇಬ್ಬರ ನಡುವೆ ಇದ್ದರೆ ಸಾಕು. ‘ಬಾಕಿ ಇರುವವರ ಪಟ್ಟಿ’ಯನ್ನು ಗುಂಪಿನಲ್ಲಿ ಹಾಕಿದ ದಿನವೇ ಬಡ ಮನೆಯ ಹುಡುಗ ಗುಂಪು ಬಿಡುತ್ತಾನೆ.

ಅಡುಗೆಯವರಿಗೆ, ಕಿರಾಣಿ ಅಂಗಡಿಗೆ ಆರ್ಡರ್ ಬರೆದು ಕೊಡಬೇಕು, ಅಂತಿಮ ಸಂಖ್ಯೆ ಮೂರು ದಿನ ಮೊದಲು ಹೇಳಬೇಕು, ಬಿಲ್ ವಾರದೊಳಗೆ ಚುಕ್ತಾ ಮಾಡಬೇಕು. ‘ಚರ್ಚಿನ ಮಕ್ಕಳು’ ಎಂಬ ದಾಕ್ಷಿಣ್ಯಕ್ಕೆ ತಿಂಗಳುಗಟ್ಟಲೆ ಕಾಯಿಸುವುದು ಸರಿಯಲ್ಲ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಕಥೋಲಿಕರಿಗೆ ಮಾಂಸ ಇಲ್ಲ, ಮೀನು ಆಗ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಮೀನಿನ ಊಟ ಹಾಕುವ ಯೋಚನೆ ದುಬಾರಿ. ಕುಚ್ಚಲಕ್ಕಿ ಒಂದು ಊಟಕ್ಕೆ ತಲೆಗೆ 120 ಗ್ರಾಂ ಲೆಕ್ಕದಲ್ಲಿ 50 ಮಂದಿಗೆ 6 ಕಿಲೋ ಸಾಕು.

ವಾಹನಕ್ಕೆ ಬಿಳಿ ಬೋರ್ಡಿನ ಗಾಡಿ ಕಡಿಮೆಗೆ ಸಿಗುತ್ತದೆ ಎಂಬ ಆಸೆ ಬೇಡ. ಬಾಡಿಗೆಗೆ ಓಡಲು ಅದಕ್ಕೆ ಪರವಾನಗಿ ಇಲ್ಲ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಹಳದಿ ಬೋರ್ಡಿನ ಬಸ್ ಅಥವಾ ಕೆಎಸ್‌ಆರ್‌ಟಿಸಿಯ ಒಪ್ಪಂದದ ಬಸ್ಸೇ ಸರಿ. ಹೊರಾಂಗಣದಲ್ಲಿ ಮೈಕ್ ಇಡುವುದಿದ್ದರೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಡುವಂತಿಲ್ಲ.

ಆ ಎರಡು ದಿನಗಳಲ್ಲಿ

ಬೆಳಿಗ್ಗೆಯಿಂದ ಸಂಜೆವರೆಗೆ ಭಾಷಣವೇ ಇದ್ದರೆ ಮಕ್ಕಳು ನಿದ್ದೆ ಹೊಡೆಯುತ್ತಾರೆ. ವೈಸಿಎಸ್‌ನವರು ಬಳಸುವ ‘ನೋಡು, ಯೋಚಿಸಿ ತೀರ್ಮಾನಿಸು, ಮಾಡು’ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಎಂಬ ಗುರುಗಳು ಕಾರ್ಮಿಕ ಯುವಕರಿಗಾಗಿ ಇದನ್ನು ರೂಪಿಸಿದರು. ಊರಿನ ಒಂದು ನಿಜ ಸಮಸ್ಯೆ, ಉದಾಹರಣೆಗೆ ಆನ್‌ಲೈನ್ ಬೆಟ್ಟಿಂಗ್ ಸಾಲ, ಗಾಂಜಾ, ಮನೆಯ ಕುಡಿತ, ಎತ್ತಿಕೊಂಡು ಎಂಟು–ಹತ್ತು ಮಂದಿಯ ತಂಡಗಳಲ್ಲಿ ಮಾತಾಡಿಸಿದರೆ ಬಾಯಿ ಬಿಡದವರೂ ಬಿಡುತ್ತಾರೆ. ಅಲ್ಲಿ ಹೇಳಿದ್ದು ಹೊರಗೆ ಹೋಗಬಾರದು, ಜೀವಕ್ಕೆ ಅಪಾಯದ ಸೂಚನೆ ಇದ್ದರೆ ಮಾತ್ರ ಜವಾಬ್ದಾರರಿಗೆ ತಿಳಿಸುತ್ತೇವೆ ಎಂದು ಶುರುವಿನಲ್ಲೇ ಹೇಳಿಬಿಡಬೇಕು.

ಫೋನುಗಳನ್ನು ಹೆಸರು ಬರೆದ ಕವರಿನಲ್ಲಿ ಒಟ್ಟು ಮಾಡಿ ಇಟ್ಟು, ರಾತ್ರಿ ಊಟದ ನಂತರ 20 ನಿಮಿಷ ಮನೆಗೆ ಮಾತಾಡಲು ಕೊಟ್ಟರೆ ಜಗಳವಿಲ್ಲ. ಫೋಟೋ ಒಬ್ಬರೇ ತೆಗೆಯಲಿ. ಮಕ್ಕಳ ಮುಖ ಕಾಣುವ ಚಿತ್ರವನ್ನು ಪೋಷಕರ ಒಪ್ಪಿಗೆ ಇಲ್ಲದೆ ಇನ್‌ಸ್ಟಾಗ್ರಾಂಗೆ ಹಾಕುವಂತಿಲ್ಲ, ಕಣ್ಣೀರು ಹಾಕಿದವರ ಚಿತ್ರ ಎಲ್ಲಿಯೂ ಬೇಡ.

ವಾಪಸ್ ಬಂದ ರಾತ್ರಿ ಎಲ್ಲರೂ ಮನೆ ಸೇರಿದ್ದಾರೆ ಎಂದು ಖಾತ್ರಿಯಾದ ಮೇಲೆಯೇ ಜವಾಬ್ದಾರರು ಪ್ರಕಟಣೆಯ ಗುಂಪಿನಲ್ಲಿ ಕೊನೆಯ ಮೆಸೇಜ್ ಹಾಕಬೇಕು. ಲೆಕ್ಕಪತ್ರ ಮುಂದಿನ ಭಾನುವಾರ ಬೋರ್ಡಿಗೆ. ಎರಡು ವಾರದೊಳಗೆ ಒಂದು ಚಿಕ್ಕ ಸಭೆ ಕರೆದು, ಬೆಂಗಳೂರಿಗೆ ಅಥವಾ ವಿದೇಶಕ್ಕೆ ಹೊರಟವರ ಹೊಸ ನಂಬರ್‌ಗಳನ್ನು ಪಟ್ಟಿಗೆ ಸೇರಿಸಿಕೊಳ್ಳಬೇಕು.