ಹಿಡಿಯೋದು ಸುಲಭ, ಬಿಡೋದೇ ಕಷ್ಟ!

ಬಹಳ ದಿನಗಳ ನಂತರ ಊರಿಗೆ ಹೋಗಿದ್ದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದಲ್ಲ, ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಾಫಿ ಕುಡಿದು ಬರೋಣ ಅಂತ ಹೊಕ್ಕೆ. ಅಲ್ಲೊಬ್ಬ ಹುಡುಗ ಇಸ್ತ್ರಿಪೆಟ್ಟಿಗೆಯಂಥ ಸಾಧನವೊಂದನ್ನು ಕಬ್ಬಿಣದ ತಗಡಿನ ಮೇಲಿಟ್ಟ, ನಾಬ್ ತಿರುಗಿಸಿದ, ಹಿಡಿಕೆ ಹಿಡಿದು ತಗಡನ್ನು ಎತ್ತಿಯೇಬಿಟ್ಟ! ಪಕ್ಕದ ಮೇಜಿಗೆ ಒಯ್ದು ನಾಬ್ ಹಿಂದಕ್ಕೆ ತಿರುಗಿಸಿದರೆ ತಗಡು ತಣ್ಣಗೆ ಬಿಟ್ಟುಕೊಂಡಿತು. ವೈರ್ ಇಲ್ಲ, ಬ್ಯಾಟರಿ ಇಲ್ಲ. ಒಳಗಿರುವುದು ಬರೀ ಅಯಸ್ಕಾಂತ.

ನನಗೆ ತಕ್ಷಣ ನೆನಪಾದದ್ದು ನಮ್ಮ ಸೋದರಮಾವ. ಅವರ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಹರೆಯದಲ್ಲಿ ಯಾವುದೋ ಸಣ್ಣ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ ಎರಡು ತಗಡುಗಳ ನಡುವೆ ಸಿಕ್ಕಿ ಹೋಗಿತ್ತಂತೆ. ನಾವು ಮಕ್ಕಳು ಕೇಳಿದರೆ, "ಕಬ್ಬಿಣ ಎತ್ತೋಕೆ ಯಾರಿಗಾದ್ರೂ ಬರುತ್ತೆ ಮಾರಾಯ, ಬೆರಳು ಉಳಿಸ್ಕೊಂಡು ಇಳಿಸೋದು ಕಲೀಬೇಕು" ಅನ್ನುತ್ತಿದ್ದರು. ಆ ಮಾತು ಒಂದು ಇಡೀ ಸಾಧನದ ಚರಿತ್ರೆ ಅಂತ ಈಗ ಅನ್ನಿಸುತ್ತಿದೆ.

ಮೊದಲು ನಮ್ಮೂರ ಕಬ್ಬಿಣದಿಂದಲೇ ಶುರು ಮಾಡೋಣ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಊದುಕುಲುಮೆಯಿಂದ ಬೀಡುಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಕಾಡಿನ ಇದ್ದಿಲು.

ಇಲ್ಲೊಂದು ತಮಾಷೆ ಇದೆ. ಚಿಕ್ಕಂದಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮರಳಲ್ಲಿ ಎಳೆದು ಕಪ್ಪು ಪುಡಿ ಕೂಡಿಹಾಕಿದ್ದು ನಿಮಗೂ ನೆನಪಿರಬೇಕು. ಆ ಪುಡಿ ಮ್ಯಾಗ್ನಟೈಟ್. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದದ್ದೂ ಅದನ್ನೇ. ಆದರೆ ಕೆಮ್ಮಣ್ಣುಗುಂಡಿಯ ಕೆಂಪು ಅದಿರು ಹೆಮಟೈಟ್. ಅದಕ್ಕೆ ಅಯಸ್ಕಾಂತ ಹಿಡಿದರೆ ಸುಮ್ಮನೆ ಕೂತಿರುತ್ತದೆ! ಕುಲುಮೆಯಲ್ಲಿ ಇದ್ದಿಲು ಅದರ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣ ಉಳಿದ ಮೇಲಷ್ಟೇ ಅಯಸ್ಕಾಂತ ಅದರ ಗುರುತು ಹಿಡಿಯುವುದು.

ಸರಿ, ಕಬ್ಬಿಣ ಎತ್ತುವ ಅಯಸ್ಕಾಂತ ಎಲ್ಲಿಂದ ಬಂತು? 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳಾಕಾರದ ಕಬ್ಬಿಣಕ್ಕೆ ತಂತಿ ಸುತ್ತಿ, ವಿದ್ಯುತ್ ಹರಿಸಿ ತೋರಿಸಿದ. ಸುಮಾರು 200 ಗ್ರಾಂ ತೂಕದ ಆ ತುಂಡು 4 ಕಿಲೋ ಎತ್ತಿತು. 1831ರ ಹೊತ್ತಿಗೆ ಅಮೆರಿಕದ ಜೋಸೆಫ್ ಹೆನ್ರಿಯ ವಿದ್ಯುತ್ಕಾಂತ 900 ಕಿಲೋ ದಾಟಿತ್ತು. ಇದರಲ್ಲಿ ಬಿಡಿಸುವುದು ಸುಲಭ, ಸ್ವಿಚ್ ಆರಿಸಿದರೆ ಮುಗಿಯಿತು. ಆದರೆ ಕರೆಂಟ್ ಹೋದರೆ? ನಮ್ಮೂರ ಕರೆಂಟ್ ನಂಬಿ ಕಾಲಿನ ಮೇಲೆ ಕಬ್ಬಿಣ ತೂಗಿಸಿಕೊಳ್ಳುವ ಧೈರ್ಯ ನನಗಂತೂ ಇಲ್ಲ :)

ಶಾಶ್ವತ ಅಯಸ್ಕಾಂತಕ್ಕೆ ಕರೆಂಟ್ ಬೇಡ. ಆದರೆ ಹಿಂದಿನ ಉಕ್ಕಿನ ಅಯಸ್ಕಾಂತಗಳು ಪೆಟ್ಟು ಬಿದ್ದರೆ, ಕಾದರೆ ಸೊರಗುತ್ತಿದ್ದವು. 1931ರಲ್ಲಿ ಜಪಾನಿನ ಮಿಶಿಮಾ ಕಬ್ಬಿಣಕ್ಕೆ ನಿಕ್ಕಲ್, ಅಲ್ಯೂಮಿನಿಯಂ ಬೆರೆಸಿ ಹೆಚ್ಚು ಗಟ್ಟಿಯಾದದ್ದನ್ನು ಮಾಡಿದರು. 1980ರ ದಶಕದ ಮೊದಲಲ್ಲಿ ಜಪಾನಿನ ಸಗಾವಾ ಮತ್ತು ಅಮೆರಿಕದ ಕ್ರೋಟ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತ ಮಾಡಿದರು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಧನಕ್ಕೆ ಇಷ್ಟು ಬಲ ಬಂದದ್ದು ಅಲ್ಲಿಂದ.

ಈಗ ಹೊಸ ತೊಂದರೆ. ಹಿಡಿದದ್ದನ್ನು ಬಿಡಿಸುವುದು ಹೇಗೆ? ಕೈಯಿಂದ ಕಿತ್ತರೆ ಬರುವುದಿಲ್ಲ, ಬಂದರೂ ಬೆರಳನ್ನು ಜೊತೆಗೆ ಎಳೆದುಕೊಂಡೀತು. ಒಂದು ಉಪಾಯ ಉದ್ದ ಹಿಡಿಕೆ. ಅದನ್ನು ವಾಲಿಸಿದರೆ ಅಯಸ್ಕಾಂತದ ಒಂದು ಅಂಚು ಮೊದಲು ಏಳುತ್ತದೆ, ಉಳಿದದ್ದು ಹಿಂದೆಯೇ ಬರುತ್ತದೆ. ತೆಂಗಿನಕಾಯಿ ಸುಲಿಯುವಾಗ ಸಿಪ್ಪೆಯನ್ನು ಒಂದು ಕಡೆಯಿಂದ ಮೀಟಿದ ಹಾಗೆ.

ಇನ್ನೊಂದು, ನಾನು ನೋಡಿದ ನಾಬ್. ಅದರೊಳಗೆ ರೊಟ್ಟಿಯ ಹಾಗೆ ದುಂಡಗಿನ ಎರಡು ಅಯಸ್ಕಾಂತಗಳು ಒಂದರ ಮೇಲೊಂದು ಇರುತ್ತವೆ. ಪ್ರತಿಯೊಂದರಲ್ಲೂ ಅರ್ಧ ಉತ್ತರ, ಅರ್ಧ ದಕ್ಷಿಣ. ಕೆಳಗಿನದು ಅಲುಗುವುದಿಲ್ಲ, ಮೇಲಿನದು ನಾಬಿನ ಜೊತೆ ತಿರುಗುತ್ತದೆ. ಎರಡೂ ಪಕ್ಕದಲ್ಲಿ ಒಂದೊಂದು ಕಬ್ಬಿಣದ ಹೋಳು. ಉತ್ತರದ ಮೇಲೆ ಉತ್ತರ ಬಂದರೆ ಕಾಂತಬಲ ಒಂದು ಹೋಳಿನಿಂದ ಹೊರಟು, ತಗಡಿನ ಮೂಲಕ ಹಾದು, ಇನ್ನೊಂದು ಹೋಳಿಗೆ ಸೇರುತ್ತದೆ. ಹಿಡಿತ ಬಂತು. ಅರ್ಧ ಸುತ್ತು ತಿರುಗಿಸಿ ಉತ್ತರದ ಮೇಲೆ ದಕ್ಷಿಣ ತಂದರೆ ಬಲ ಆ ಹೋಳುಗಳೊಳಗೇ ಸುತ್ತಿಕೊಳ್ಳುತ್ತದೆ. ತಗಡಿಗೆ ಏನೂ ತಲುಪುವುದಿಲ್ಲ. ಬಲ ಎಲ್ಲೂ ಹೋಗಿಲ್ಲ, ಅದರ ದಾರಿ ಮಾತ್ರ ಬದಲಾಗಿದೆ.

ಹಾಗಂತ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ನಡುವೆ ತುಕ್ಕು, ಬಣ್ಣ, ಕಸ ಇದ್ದರೆ ಹಿಡಿತ ಸಡಿಲ. ತೆಳು ತಗಡಿನಲ್ಲಿ ಬಲ ಹರಿಯಲು ಜಾಗ ಸಾಲದು. ತಗಡನ್ನು ನಿಲ್ಲಿಸಿ ಹಿಡಿದರೆ ಜಾರುತ್ತದೆ. ಅಡುಗೆಮನೆ ಪಾತ್ರೆಯ ಹಲವು ಬಗೆಯ ಸ್ಟೀಲ್ ಅಂಟುವುದೇ ಇಲ್ಲ. ಬಿಸಿ ಕಬ್ಬಿಣವಂತೂ ಬೇಡವೇ ಬೇಡ. ಮಾಮೂಲಿ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಲತೊಡಗುತ್ತದೆ, ಕಬ್ಬಿಣವೇ 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಕೆಂಡದಂಥ ಕಬ್ಬಿಣಕ್ಕೆ ಇವತ್ತಿಗೂ ಇಕ್ಕಳವೇ ಗತಿ.

ವರ್ಕ್‌ಶಾಪಿನಿಂದ ಭದ್ರಾವತಿಗೆ ಹೋದೆ. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದು ಊರಿಗೆ ಊರೇ ಬೀದಿಗಿಳಿದದ್ದು ನಿಮಗೆ ಗೊತ್ತು. ಅದೇ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಗೇಟಿನ ಎದುರು ನಿಂತಾಗ ಅನ್ನಿಸಿದ್ದು ಇಷ್ಟೇ. ಟನ್ನುಗಟ್ಟಲೆ ಕಬ್ಬಿಣದ ಲೆಕ್ಕ ಎಲ್ಲರೂ ಬರೆದಿಡುತ್ತಾರೆ. ಅದನ್ನು ಎತ್ತಿ ಇಳಿಸಿದ ಬೆರಳುಗಳ ಲೆಕ್ಕ ಬರೆದಿಡುವವರು ಕಡಿಮೆ.

ಮಾವ ಈಗಿಲ್ಲ. ಇದ್ದಿದ್ದರೆ ಆ ನಾಬನ್ನು ಅವರ ಕೈಗೆ ಕೊಟ್ಟು ಒಂದು ಸಲ ತಿರುಗಿಸಿ ಅನ್ನುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥ ಕೈಗಳಿದ್ದರೆ ಅವುಗಳ ಕಥೆ ಬರೆಯಿರಿ. ಓದೋಕೆ ಕಾಯುತ್ತಿರುತ್ತೇನೆ.